ಸ್ವಿಚ್ ಕೋಣೆಯ ಬೆಳಕು

ಅಪ್ಪ,

ಇವತ್ತು ನಮ್ಮ ಕಾಗದದ ಕಾರ್ಖಾನೆಯಲ್ಲಿ ಕರೆಂಟು ಸಿಡಿಯಿತು. ಪೆನೊಬ್ಸ್ಕಾಟ್ ನದಿಯ ಕಡೆಗಿರುವ ಸ್ವಿಚ್ ಕೋಣೆಯಲ್ಲಿ, ನೀನು ಕೊನೆಯ ದಿನ ಕೆಲಸಕ್ಕೆ ಹೋಗಿ ಜೀವಂತ ಮರಳದ ಅದೇ ಕೋಣೆಯಲ್ಲಿ.

ಅಲ್ಲಿನ ಒಂದೊಂದು ವಿದ್ಯುತ್ ಪ್ಯಾನೆಲ್ಲೂ ಸಿಡಿದರೆ ಎಷ್ಟು ಶಾಖ ಹೊರಬೀಳುತ್ತದೆ, ಎಷ್ಟು ದೂರ ಸುಡುತ್ತದೆ ಎಂದು ಲೆಕ್ಕ ಹಾಕುವುದೇ ಈಗ ನನ್ನ ಕೆಲಸ. ಇವತ್ತು ಕರೆಂಟು ಕಡಿಯುವ ಹಳೆಯ ಬ್ರೇಕರ್ ಹೊರಗೆಳೆಯಲು ಹೊರಟವರು ನಿನ್ನ ಜೊತೆಗಾರ ವೆಂಡೆಲ್ ಮಾಮ. ಅವರ ಕೈಗೆ ಬೆಂಕಿ ತಡೆಯುವ ದಪ್ಪ ಸೂಟು, ಮುಖ ಮುಚ್ಚುವ ಟೋಪಿ ಕೊಟ್ಟೆ.

“ಏನಮ್ಮಾ ಲೋರ್ನಾ, ನನ್ನನ್ನ ಚಂದ್ರನ ಮೇಲೆ ಕಳಿಸ್ತಿದ್ದೀಯಾ? ನಾನೂ ನಿಮ್ಮಪ್ಪನೂ ಬರೀ ಹತ್ತಿ ಅಂಗೀಲೇ ಈ ಕೆಲಸ ಮಾಡಿದೋರು.”

“ಗೊತ್ತು ಮಾಮ. ಹಾಕ್ಕೊಳ್ಳಿ.”

ಅವರು ನನ್ನ ಮುಖ ನೋಡಿ ಹಾಕಿಕೊಂಡರು.

ನಾನು ದೂರದಲ್ಲಿ, ಬಾಗಿಲಾಚೆ ನಿಂತಿದ್ದೆ. ಮಾಮ ಬ್ರೇಕರ್ ಎಳೆದರು. ಮೊದಲು ಬೆಳಕು ಬಂತು. ಇಟ್ಟಿಗೆ ಗೋಡೆಯ ಸಂದುಸಂದೂ ಬೆಳ್ಳಗೆ ಎದ್ದು ಕಂಡಿತು. ಆಮೇಲೆ ಸದ್ದು ಎದೆಗೆ ಗುದ್ದಿತು. ಗಟ್ಟಿ ತಾಮ್ರ ಹೊಗೆಯಾಗಿ ಗಾಳಿಯಲ್ಲಿ ತೇಲಿತು. ಇಷ್ಟು ವರ್ಷ ನಾನು ಬರೆಯುತ್ತಿದ್ದ ಅಂಕಿಗಳೊಳಗೆ ಇಂಥದ್ದೊಂದು ಇತ್ತೇ! ಹೆದರುವುದಕ್ಕೂ ಮೊದಲು ಅದರೆದುರು ಮಂಡಿಯೂರಬೇಕು ಅನ್ನಿಸಿಬಿಟ್ಟಿತು ಅಪ್ಪ.

ಹೊಗೆಯೊಳಗಿಂದ ಮಾಮ ನಡೆದು ಬಂದರು. ಸೂಟಿನ ಎದೆ ಕರಕಲಾಗಿತ್ತು. ಟೋಪಿ ತೆಗೆದರೆ, ಹುಬ್ಬಿನ ಒಂದು ಕೂದಲೂ ಸುಟ್ಟಿರಲಿಲ್ಲ.

“ನಿಮ್ಮಪ್ಪ ನೋಡಿದ್ದೂ ಇದನ್ನೇನಾ?” ಎಂದು ಮೆಲ್ಲಗೆ ಕೇಳಿದರು.

ನಾನು ಅವರ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ಸವರಿ ನೋಡಿದೆ.

“ಸಾಕು ಬಿಡಮ್ಮಾ, ಚೆನ್ನಾಗಿದ್ದೀನಿ,” ಎಂದರು.

ನಾನು ಬಿಡಲಿಲ್ಲ.

ನಿನ್ನ
ಲೋರ್ನಾ