ಶತ್ರುವಿನ ಕಡೆ ಈಜಿದ ಮಗನಿಗೆ

ಗ್ರಾಂಟ್ ರೋಡ್, ಮುಂಬಯಿ
೧೨ ಆಗಸ್ಟ್ ೧೯೭೩

ಬೇಟಾ ಶರೀಫ,

ಅಸ್ಸಲಾಮು ಅಲೈಕುಮ್. ಕರಾಚಿಯ ಜೈಲಿನಿಂದ ನೀನು ಬರೆದ ಕಾಗದ ಸೇರಿ ಎಷ್ಟೋ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುನಿಯಬೇಡ. ಬರೆಯಲು ಕೂತಾಗಲೆಲ್ಲ ಕೈ ಏಳಲಿಲ್ಲ. ನಾನು ಈಗಲೂ ಉಡುಪಿಯವರ ಹೋಟೆಲಿನಲ್ಲೇ ಪಾತ್ರೆ ತೊಳೆಯುತ್ತೇನೆ. ದಮ್ಮು ಹೆಚ್ಚಾಗಿ ನಿನ್ನ ಅಬ್ಬಾ ಕೈಗಾಡಿ ಬಿಟ್ಟರು, ಬೈಯುವುದನ್ನು ಮಾತ್ರ ಬಿಟ್ಟಿಲ್ಲ.

ಎಪ್ಪತ್ತೊಂದರಲ್ಲೇ ನಿನ್ನ ಜೊತೆ ಬೋಟಿನಲ್ಲಿದ್ದ ಚೆನ್ನಯ ಬಂದು ಎಲ್ಲ ಹೇಳಿದ. ಲಡಾಯಿ ನಡೆದಿದೆ, ಸಮುದ್ರಕ್ಕೆ ಇಳಿಯಬೇಡಿ ಎಂದು ಸರಕಾರ ಸಾರಿದರೂ ಮಾಲಕ ನಿಮ್ಮನ್ನು ಮೀನಿಗೆ ಅಟ್ಟಿದನಂತೆ. ಪಾಕಿಸ್ತಾನದ ಹಡಗು ಕಂಡದ್ದೇ ಉಳಿದವರು ಬೋಟು ತಿರುಗಿಸಿದರಂತೆ. "ನಿಮ್ಮ ಶರೀಫ ಒಬ್ಬನೇ ನೀರಿಗೆ ಹಾರಿ ಅವರ ಹಡಗಿನ ಕಡೆ ಈಜಿದ ಅಮ್ಮ. ನಾವು ಎಷ್ಟು ಕೂಗಿದ್ರೂ ತಿರುಗಿ ನೋಡ್ಲಿಲ್ಲ" ಅಂದ.

ಚಾಳಿನಲ್ಲಿ ನಿನ್ನನ್ನು ಗದ್ದಾರ ಅನ್ನುತ್ತಾರೆ. ನಳದ ಹತ್ತಿರ ಮಲ್ಲಕ್ಕ, "ವೈರಿ ಕಡಿ ಹೋಗಿ ಸೇರಿದ್ನಲ್ಲಬೇ ನಿನ್ನ ಮಗಾ" ಅಂದಳು. ಕೊಡ ಅಲ್ಲೇ ಕುಕ್ಕಿ ಕೇಳಿದೆ, "ಅಪ್ಪ ತಗೊಂಡ ಮುಂಗಡಕ್ಕ ಸಣ್ಣ ಹುಡುಗನ್ನ ಜೀತಕ್ಕ ಹಿಡಕೊಂಡು, ವರ್ಷಗಟ್ಲೆ ದಂಡಿಗೆ ಇಳಿಯಾಕ ಬಿಡಲಿಲ್ಲಲ್ಲ, ಆ ಮಾಲಕ ಯಾರಬೇ? ನಮ್ಮ ಗೆಳ್ಯಾನ?" ನಾನು ತಂದ ಊಟದ ಡಬ್ಬಿಯನ್ನು ನೀನು ಬೋಟಿನಿಂದಲೇ ಹಗ್ಗ ಬಿಟ್ಟು ಎಳೆದುಕೊಳ್ಳುತ್ತಿದ್ದೆ. ಹೆತ್ತ ಮಗನ ತಲೆ ಸವರಲೂ ಆಗದೆ ನಾನು ಬಂದರಿನ ಧಕ್ಕೆಯ ಮೇಲೆ ನಿಂತಿರುತ್ತಿದ್ದೆ. ಅದೆಲ್ಲ ಅವಳಿಗೇನು ಗೊತ್ತು? ಮಲ್ಲಕ್ಕ ಕೊಡ ತುಂಬಿಕೊಂಡು ಹೋದಳು.

ಎರಡೂ ಕಡೆಯ ಕೈದಿಗಳನ್ನು ಬಿಡುತ್ತಾರೆಂದು ಸುದ್ದಿ ಇದೆ. "ಬರಲೇನು ಅಮ್ಮಾ?" ಎಂದು ಕೇಳಿದ್ದೀ. ಬರಬೇಡ. ಅಲ್ಲಿ ಹೊತ್ತಿಗೆ ರೊಟ್ಟಿ ಕೊಡುತ್ತಾರೆ, ಯಾರೂ ಹೊಡೆಯುವುದಿಲ್ಲ ಎಂದು ನೀನೇ ಬರೆದಿದ್ದೀ. ಇಲ್ಲಿ ಮಾಲಕ ನಿನ್ನ ದಾರಿ ಕಾಯುತ್ತಿದ್ದಾನೆ, ಮತ್ತೆ ಬೋಟಿಗೇ ಎಳೆಯುತ್ತಾನೆ. ಅವರು ಬಿಟ್ಟರೆ ಅಲ್ಲೇ ಎಲ್ಲಾದರೂ ದುಡಿದುಕೊಂಡು ಇರು. ಹೆತ್ತವಳು ಹೀಗೆ ಬರೆಯಬೇಕಾಯಿತಲ್ಲ ಬೇಟಾ.

ಅಲ್ಲಾಹನು ನಿನ್ನ ಮೈ ಕಾಯಲಿ, ಎಲ್ಲಿದ್ದರೂ ನೀನು ನಿನ್ನ ಒಡೆಯನಾಗಿರು. ಐದು ಹೊತ್ತೂ ಇದೇ ನನ್ನ ದುವಾ.

ನಿನ್ನ ಅಮ್ಮ,
ಹಜರತಬಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ನಿನ್ನ ತಂಗಿ ಮಲಿಕಾಳನ್ನು ನಿನ್ನ ಬದಲಿಗೆಂದು ಮಾಲಕ ತನ್ನ ಮನೆಯಲ್ಲಿ ದುಡಿಸಲು ಎಳೆದುಕೊಂಡು ಹೋದ. ಅವಳಿಗಿನ್ನೂ ಹತ್ತು ತುಂಬಿಲ್ಲ. ನೀನು ಬಂದರೆ ಅವಳನ್ನು ಬಿಡುತ್ತಾನಂತೆ. ಮೊನ್ನೆ ಹೋದಾಗ ಒಳಗೆ ಬಿಡಲಿಲ್ಲ. ಅಡಿಗೆಮನೆಯ ಕಿಟಕಿಯಿಂದ ಅವಳು ಹೇಳಿದ್ದು ಇಷ್ಟೇ: "ಅಣ್ಣಾಗ ಇದನ್ನ ಬರೀಬ್ಯಾಡ ಅಮ್ಮಾ. ಗೊತ್ತಾದ್ರ ಬಂದ್ಬಿಡ್ತಾನ."