ಬೆನ್ನಿಗೆ ಬಣ್ಣ

ದೇವದುರ್ಗ
2 ಮಾರ್ಚ್ 2025, ಭಾನುವಾರ

ಪ್ರೀತಿಯ ಮತೀನನಿಗೆ, ನಿನ್ನ ಅನಿಲಕುಮಾರ ಮಾಡುವ ಸಲಾಂ.

ಇವತ್ತಿನಿಂದ ರೋಜಾ ಶುರುವಾಯಿತಲ್ಲ, ನಿನಗೂ ಮನೆಯವರಿಗೂ ರಂಜಾನ್ ಮುಬಾರಕ್. ಒಂದೂವರೆ ತಿಂಗಳು ತಡವಾಗಿ ಬರೆಯುತ್ತಿದ್ದೇನೆ, ಬೈದುಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಲೂಬಾರದು, ಅದೇ ಸರಿ. ಕಾಗದವಾದರೆ ಹರಿದು ಬಿಸಾಡುವ ಮುಂಚೆ ಒಂದು ಸಲ ಓದುತ್ತೀ ಎಂಬ ಆಸೆ. ಶಾಲೆಯ ಮೈದಾನದಲ್ಲಿ ಸೀಟಿ ಊದಿ ಊದಿ ನನಗೆ ಪೆನ್ನು ಹಿಡಿಯುವುದೇ ಮರೆತಿದೆ. ಅಕ್ಷರ ನೋಡಿ ನಗಬೇಡ.

ನಾನಿಲ್ಲಿ ಕ್ಷೇಮ ಎಂದು ಬರೆಯಬೇಕು, ಎಲ್ಲರೂ ಹಾಗೇ ಬರೆಯುತ್ತಾರೆ. ಹಗಲು ಡ್ರಿಲ್ ಮಾಸ್ತರಿಕೆ, ಸಂಜೆ ಜಿಮ್, ಆಮೇಲೆ ಈ ಕೋಣೆ. ಬೆಳಿಗ್ಗೆ ಹತ್ತು ಮೊಟ್ಟೆ ಕುದಿಸುತ್ತೇನೆ, ಬಿಳಿ ತಿನ್ನುತ್ತೇನೆ. ಹತ್ತು ಹಳದಿ ಬಟ್ಟಲಲ್ಲಿ ನನ್ನನ್ನೇ ನೋಡುತ್ತಾ ಕೂತಿರುತ್ತವೆ. ಮನೆ ಮಾಲಕಿ ಭೀಮವ್ವ ನಿನ್ನೆ ಅದನ್ನು ನೋಡಿ, "ಏನ್ರಿ ಮಾಸ್ತರ, ಮನಿಯಾಗ ಇನ್ನೊಬ್ರರ ಇದ್ದಿದ್ರ ಇದು ಹಾಳಾಗ್ತಿದ್ದಿಲ್ಲ ನೋಡ್ರಿ" ಎಂದಳು. ಇಡೀ ದಿನ ಆ ಮಾತು ಕಿವಿಯಲ್ಲೇ ಇತ್ತು.

ಮಾನ್ವಿಯ ನಿಮ್ಮ ಮನೆಯಲ್ಲಿ ಹಳದಿ ಎಂದಾದರೂ ಉಳಿದಿತ್ತೇ? ನಿಮ್ಮಮ್ಮ ಜಾಹೆದಾ, ನನಗೂ ಅವರು ಅಮ್ಮಿಯೇ, ಮೊಟ್ಟೆ ಸುಲಿದು ಬಿಳಿ ನನ್ನ ತಟ್ಟೆಗೆ, ಹಳದಿ ನಿನ್ನ ತಟ್ಟೆಗೆ ಹಾಕುತ್ತಿದ್ದರು. "ಇಂವ ಬಿಟ್ಟಿದ್ದೆಲ್ಲಾ ನೀ ತಿಂದು ಹೊಟ್ಟಿ ಬಿಟ್ಟೀ ನೋಡ್ ಬೇಟಾ" ಎಂದು ನಕ್ಕು ಕಣ್ಣೊರೆಸಿಕೊಂಡದ್ದು ನೆನಪಿದೆಯಾ? ನೀನು ಜಿಮ್ ಬಿಟ್ಟು ಚಪ್ಪಲಿ ಅಂಗಡಿ ಹಿಡಿದೆ, ನಾನು ಬಿಡಲಿಲ್ಲ. ಆದರೂ ಹನ್ನೊಂದು ವರ್ಷದಲ್ಲಿ ನನ್ನ ಒಂದು ದೇಹದಾರ್ಢ್ಯ ಸ್ಪರ್ಧೆಯನ್ನೂ ನೀನು ತಪ್ಪಿಸಲಿಲ್ಲ. ವೇದಿಕೆಯ ದೀಪಕ್ಕೆ ಮೈಕಟ್ಟು ಎದ್ದು ಕಾಣಬೇಕೆಂದರೆ ಕಂದು ಬಣ್ಣ ಬಳಿಯಬೇಕು. ಮುಖ, ಎದೆ, ತೋಳು, ತೊಡೆಗೆ ನಾನೇ ಬಳಿದುಕೊಳ್ಳುತ್ತೇನೆ. ಬೆನ್ನು ಮಾತ್ರ ಯಾವ ಪೈಲ್ವಾನನ ಕೈಗೂ ಸಿಗುವುದಿಲ್ಲ. ನೀನು ಸ್ಪಂಜು ಹಿಡಿದು, "ಸುಮ್ನ ನಿಂದರಲೇ, ಗ್ವಾಡಿಗಿಂತ ಅಗಲ ಅದೀ" ಎಂದು ಬಯ್ಯುತ್ತಾ ಗೋಡೆಗೆ ಸುಣ್ಣ ಹೊಡೆದ ಹಾಗೆ ಬಳಿಯುತ್ತಿದ್ದೆ.

ಜನವರಿ 12ರಂದು ರಾಯಚೂರಿನ ಸ್ಪರ್ಧೆ. ಮೈಯ ನರ ಎದ್ದು ಕಾಣಲೆಂದು ಎರಡು ದಿನದಿಂದ ಉಪ್ಪು ಬಿಟ್ಟಿದ್ದೆ, ಹಿಂದಿನ ಸಂಜೆಯಿಂದ ನೀರನ್ನೂ ಬಿಟ್ಟಿದ್ದೆ. ಅಂಥ ದಿನ ಫೋನ್ ಬಂದ್ ಮಾಡಿ ಚೀಲದಲ್ಲಿಡುವ ನನ್ನ ಚಟ ನಿನಗೆ ಗೊತ್ತು. ಮೊದಲ ಬಸ್ಸಿಗೆ ಬರುತ್ತೀ ಎಂದು ಬೆನ್ನು ಹಾಗೇ ಬಿಟ್ಟು ಕಾದೆ. ಒಂಬತ್ತಾಯಿತು, ಹನ್ನೆರಡಾಯಿತು, ಐದಾಯಿತು. ಪಕ್ಕದವರನ್ನು ಕೇಳಬಹುದಿತ್ತು. ನನ್ನ ಸೊಕ್ಕು, ಕೇಳಲಿಲ್ಲ. ನಿನ್ನ ಮೇಲೆ ಕುದಿಯುತ್ತಲೇ ವೇದಿಕೆ ಹತ್ತಿದೆ. ಹಿಂದೆ ತಿರುಗಿ ಎಂದರು, ತಿರುಗಿದೆ. "ಅರ್ಧಾ ಗ್ವಾಡಿ ಬಳಿಯೋದು ಬಿಟ್ಟಾರಲೇ!" ಎಂದು ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು.

ಕೆಳಗಿಳಿದು ಫೋನ್ ಚಾಲೂ ಮಾಡಿದೆ, ನಿನ್ನನ್ನು ಬೈಯಲೆಂದೇ. ನೀನು ಹನ್ನೊಂದು ಸಲ ಕರೆ ಮಾಡಿದ್ದೆ. ಜೊತೆಗೆ ನಿನ್ನ ಮಗಳು ಗುಲ್ಫಶಾಳ ಮೆಸೇಜು: "ಚಾಚಾ, ದಾದಿ ನಸುಕಿನ್ಯಾಗ ತೀರಕೊಂಡ್ರು. ಅಬ್ಬಾ ನಿಮಗ ಫೋನ್ ಹಚ್ಚಾಕತ್ತಾರ. ಅಸರ್ ನಮಾಜ್ ಆದಮ್ಯಾಲ ಮಣ್ಣು." ಅವಳ ದಾದಿ, ನಮ್ಮ ಅಮ್ಮಿ. ಸಂಜೆಯ ಆ ನಮಾಜ್ ಮುಗಿದು ಗಂಟೆಯಾಗಿತ್ತು. ಬಣ್ಣದ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ.

ನಾನು ಬರಲೇ ಇಲ್ಲ ಎಂದು ನೀನು ತಿಳಿದಿದ್ದೀ. ಬಂದಿದ್ದೆ ದೋಸ್ತ. ಮರುದಿನ ಬೆಳಿಗ್ಗೆ ಮಾನ್ವಿಗೆ ಬಂದು ನಿಮ್ಮ ಓಣಿಯ ತುದಿಯಲ್ಲಿ, ಹಿಟ್ಟಿನ ಗಿರಣಿಯ ಮರೆಯಲ್ಲಿ ನಿಂತಿದ್ದೆ. ಆ ಬಣ್ಣ ಒಂದು ಸ್ನಾನಕ್ಕೆ ಹೋಗುವಂಥದ್ದಲ್ಲ. ಸಾಬೂನು, ನಿಂಬೆಹಣ್ಣು ಹಚ್ಚಿ ಚರ್ಮ ಉರಿಯುವ ತನಕ ತಿಕ್ಕಿದ್ದೆ. ಆದರೂ ಮುಖ, ಕೊರಳು, ಮುಂಗೈ ತಾಮ್ರದ ಕೊಡದ ಹಾಗಿದ್ದವು. ನೀನು ಬಿಳಿ ಟೋಪಿ ಹಾಕಿಕೊಂಡು ಬಾಗಿಲ ಮುಂದೆ ಕುರ್ಚಿ ಹಾಕುತ್ತಿದ್ದೆ. ಕಣ್ಣು ಊದಿದ್ದು ಅಲ್ಲಿಗೇ ಕಾಣುತ್ತಿತ್ತು. ಸಾವಿನ ಮನೆಗೆ ವೇಷದವನ ಹಾಗೆ ಹೇಗೆ ಬರಲಿ? "ಏನ್ ಮಾಸ್ತರ, ನಾಟಕದಾಗಿಂದ ಎದ್ದು ಬಂದ್ರೇನು?" ಎಂದು ಯಾರಾದರೂ ಕೇಳಿದರೆ ನಿನ್ನ ಮುಂದೆ ಏನು ಹೇಳಲಿ? ಬಣ್ಣ ಹೋದ ಮೇಲೆ ಬರೋಣ ಎಂದುಕೊಂಡು ತಿರುಗಿ ಬಸ್ಸು ಹತ್ತಿದೆ. ಮೂರನೇ ದಿನ ಗೋರಿಗೆ ಹೋಗುವ ಜಿಯಾರತ್ ಆಗಿಹೋಯಿತು, ನಲವತ್ತನೇ ದಿನವೂ ಆಗಿಹೋಯಿತು. ದಿನ ಕಳೆದಷ್ಟೂ ಮುಖ ತೋರಿಸುವುದು ಕಷ್ಟವಾಯಿತು.

ಅಮ್ಮಿಯ ಗೋರಿಗೆ ಒಂದು ಹಿಡಿ ಮಣ್ಣು ಹಾಕದವನು ನಾನು. ಈ ಮೈಯಲ್ಲಿ ಅರ್ಧ ಅವರು ಕುದಿಸಿ ಕೊಟ್ಟದ್ದೇ. ಈಗ ಜಿಮ್ಮಿನ ಕನ್ನಡಿಗೆ ಬೆನ್ನು ಮಾಡಿ ಭಾರ ಎತ್ತುತ್ತೇನೆ. ನಾನು ಇಲ್ಲಿ ಬಹಳ ಒಂಟಿಯಾಗಿದ್ದೇನೆ ಮತೀನ್. ಒಂದು ದಿನ ಇಫ್ತಾರಿಗೆ ಬಾ ಎಂದು ಒಂದು ಸಾಲು ಬರೆ, ಸಾಕು. ಬಯ್ಯಲಿಕ್ಕೆಂದೇ ಕರೆದರೂ ಬರುತ್ತೇನೆ. ಉಪ್ಪು ಹಾಕಿದ್ದನ್ನೂ ಉಣ್ಣುತ್ತೇನೆ, ಹಳದಿಯನ್ನೂ ತಿನ್ನುತ್ತೇನೆ.

ಗುಲ್ಫಶಾಳ ಹತ್ತನೇ ತರಗತಿ ಪರೀಕ್ಷೆ ಹತ್ತಿರ ಬಂತಲ್ಲ. ಹೆದರದೆ ಬರೆಯಲಿ, ಚಾಚಾನ ಆಶೀರ್ವಾದ ಇದೆ ಎಂದು ಹೇಳು. ನಿನ್ನ ಅಂಗಡಿ ಸದಾ ತುಂಬಿರಲಿ, ನಿನ್ನ ಹೊಟ್ಟೆಗೂ ಯಾರ ದೃಷ್ಟಿ ತಾಗದಿರಲಿ.

ನಿನ್ನ
ಅನಿಲ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಬಣ್ಣ ಬುಧವಾರಕ್ಕೇ ಪೂರ್ತಿ ಹೋಗಿತ್ತು. ಆದರೆ ಮುಂದಿನ ಭಾನುವಾರ ಬಳ್ಳಾರಿಯಲ್ಲಿ ಇನ್ನೊಂದು ಸ್ಪರ್ಧೆ ಇತ್ತು. ನಿಮ್ಮಲ್ಲಿಗೆ ಬಂದರೆ ಉಣಿಸದೆ ಬಿಡುವುದಿಲ್ಲ, ಅತ್ತರೆ ನಿದ್ದೆ ಕೆಡುತ್ತದೆ, ಮೈ ಇಳಿಯುತ್ತದೆ ಎಂದು ಯೋಚಿಸಿ ಕೋಣೆಯಲ್ಲೇ ಉಳಿದೆ. ಅಮ್ಮಿ ಹೋಗಿ ಏಳು ದಿನಕ್ಕೆ ಮತ್ತೆ ಅದೇ ಬಣ್ಣ ಬಳಿದುಕೊಂಡೆ. ಅಲ್ಲಿ ಯಾರೋ ಒಬ್ಬರು ಸ್ಪಂಜು ತಗೊಂಡು, "ತಿರುಗ್ರಿ ಸರ, ಬೆನ್ನಿಗಿ ನಾ ಹಚ್ತೀನಿ" ಎಂದರು. "ಬ್ಯಾಡ್ರಿ, ನಮ್ಮ ದೋಸ್ತ ಬರಾಕತ್ತಾನ" ಎಂದೆ. ನನ್ನ ಹೆಸರು ಕೂಗುವ ತನಕ ಬಾಗಿಲನ್ನೇ ನೋಡುತ್ತಿದ್ದೆ.