ವಾರ್ತೆಗೆ ತುಂಡಾದ ಟ್ಯೂನು

ಬಾನುಲಿ ಕೇಂದ್ರದ ಮುಖ್ಯಾಧಿಕಾರಿಗಳೇ,

ಇದನ್ನು ಮನವಿ ಎಂದು ಓದಬೇಡಿ. ಇದು ಹೊಟ್ಟೆಕಿಚ್ಚು. ಹಳೆಯ ಜಾಝ್ ಮತ್ತು ಬ್ಯಾಂಡ್ ಸಂಗೀತದ ಭಾನುವಾರ ಮಧ್ಯಾಹ್ನದ ಅರ್ಧ ಗಂಟೆಯನ್ನು ‘ಕೇಳುಗರಿಲ್ಲ’ ಎಂದು ನಿಲ್ಲಿಸಿದಿರಿ. ಈಗ ಅದೇ ಟೇಪುಗಳನ್ನು ನಗರದ ನಿಮ್ಮ ಸಭಾಂಗಣದಲ್ಲಿ, ಆಹ್ವಾನಪತ್ರಿಕೆ ಇದ್ದವರಿಗೆ ಮಾತ್ರ, ಬೋಂಡಾ ಕಾಫಿಯ ಜೊತೆ ಕೇಳಿಸುತ್ತಿದ್ದೀರಿ. ಗಾಳಿಯಲ್ಲಿ ನಮ್ಮೂರು ಹನಗೋಡಿನವರೆಗೆ ಬರುತ್ತಿದ್ದದ್ದಕ್ಕೆ ಗೋಡೆ ಕಟ್ಟಿದ ಜಾಣರು ನೀವು.

ಕೇಳುಗರಿಲ್ಲವೇ? ಹುಣಸೂರಿನ ನಮ್ಮ ಬ್ಯಾಂಡ್‌ಸೆಟ್ಟಿಗೆ ನಿಮ್ಮ ರೇಡಿಯೋವೇ ಮೇಷ್ಟ್ರು. ಟೇಪ್ ರೆಕಾರ್ಡರ್ ಇರಲಿಲ್ಲ. ಒಂದು ಟ್ಯೂನು ಬಂದು ಹೋದರೆ ಮತ್ತೆ ಯಾವಾಗಲೋ. ಹಾಗಾಗಿ ನಾಲ್ವರು ಹಂಚಿಕೊಂಡು ಕೇಳುತ್ತಿದ್ದೆವು. ಒಬ್ಬೊಬ್ಬ ತನ್ನ ವಾದ್ಯವನ್ನಷ್ಟೇ ಹಿಡಿಯಬೇಕು, ಬೇರೆಯದಕ್ಕೆ ಕಿವಿ ಕೊಟ್ಟರೆ ಬೈಗುಳ. ಟ್ರಂಕು ರಿಪೇರಿಯ ಮೆಹಬೂಬನಿಗೆ ಕ್ಲಾರಿನೆಟ್. ನನಗೆ ದೊಡ್ಡ ಡ್ರಮ್ಮು. ರಾಗವೆಲ್ಲ ಅವನ ಪಾಲಿಗೆ, ಧಮ್ ಧಮ್ ನನ್ನ ಪಾಲಿಗೆ. ನಲವತ್ತು ವರ್ಷದಿಂದ ಅವನ ಮೇಲೆ ನನಗೆ ಅಸೂಯೆ.

ನಮ್ಮ ಅಚ್ಚುಮೆಚ್ಚಿನ ಒಂದು ಟ್ಯೂನು ಯಾವಾಗಲೂ ಕೊನೆಗೆ ಬರುತ್ತಿತ್ತು. ನಿಮ್ಮವರು ಅದನ್ನು ನಡುವೆಯೇ ಕತ್ತರಿಸಿ ವಾರ್ತೆಗೆ ಹೋಗುತ್ತಿದ್ದರು. ಮದುವೆಗಳಲ್ಲಿ ನುಡಿಸುವಾಗ ನಾವೂ ಅಲ್ಲಿಗೇ ನಿಲ್ಲಿಸುತ್ತಿದ್ದೆವು. “ಯಾಕ್ರಪ್ಪಾ, ಉಸ್ರು ಕಟ್ತಾ?” ಎಂದು ರಾವಂದೂರಿನ ಬೀಗರೊಬ್ಬರು ಕೇಳಿದಾಗ ಮೆಹಬೂಬ್, “ಅದು ಅಲ್ಲಿಗೇ ಮುಗೀತದೆ ಕಣ್ರೀ, ವಿಲಾಯ್ತಿ ಪದ್ಧತಿ” ಎಂದುಬಿಟ್ಟ. ಆಮೇಲೆ ಆ ಕಡೆಯ ಮದುವೆಗಳಲ್ಲಿ ಟ್ಯೂನು ಗಕ್ಕನೆ ನಿಂತ ಮೇಲೆಯೇ ಮದುಮಗ ಕಾರಿನಿಂದ ಇಳಿಯುವುದು ರೂಢಿಯಾಯಿತು. ನಿಮ್ಮ ವಾರ್ತೆಯ ಅವಸರ ನಮ್ಮಲ್ಲಿ ಶಾಸ್ತ್ರವಾಗಿದೆ. ಇದಕ್ಕಿಂತ ನಿಷ್ಠೆಯ ಕೇಳುಗರು ನಿಮ್ಮ ಮೊದಲ ಸಾಲಿನ ಕುರ್ಚಿಗಳಲ್ಲಿ ಇದ್ದಾರೆಯೇ?

ಮೆಹಬೂಬನ ಎಡಗಿವಿ ಹೋಗಿದೆ. ಬಲಗಿವಿ ಈ ವರ್ಷ ದಾಟುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಆ ಟ್ಯೂನಿನ ಕೊನೆ ಕೇಳಬೇಕೆಂಬುದು ಅವನ ಆಸೆ. ಕಳೆದ ತಿಂಗಳು ಇಬ್ಬರೂ ನಿಮ್ಮ ಸಭಾಂಗಣಕ್ಕೆ ಬಂದೆವು.

“ಕಾರ್ಡಿಲ್ವಾ? ಮೊಬೈಲಲ್ಲಿ ಹುಡುಕ್ಕೊಳ್ಳಿ ಯಜಮಾನ್ರೇ” ಎಂದರು ಬಾಗಿಲಲ್ಲಿದ್ದ ನಿಮ್ಮ ಸಿಬ್ಬಂದಿ.

“ಟ್ಯೂನಿನ್ ಎಸ್ರು ಗೊತ್ತಿದ್ರೆ ಬಸ್ಸತ್ತಿ ಯಾಕ್ ಬತ್ತಿದ್ದೆ ಸಾಮಿ” ಎಂದ ಮೆಹಬೂಬ್.

ಹೊರಗೆ ಗೋಡೆಗೆ ಒರಗಿ ನಿಂತೆವು. ಗೋಡೆ ದಾಟಿ ಬರುವುದು ಡ್ರಮ್ಮೊಂದೇ. ಎಲ್ಲಕ್ಕಿಂತ ಕೊನೆಗೆ ಆ ಟ್ಯೂನಿಗೆ ನಾನು ಬಾರಿಸುತ್ತಿದ್ದ ಪೆಟ್ಟುಗಳೇ ಬಂದವು, ಗುರುತು ಸಿಕ್ಕಿತು. ವಾರ್ತೆಗೆ ತುಂಡಾಗುವ ಜಾಗ ಬಂತು. ಡ್ರಮ್ಮು ನಿಲ್ಲಲಿಲ್ಲ. ಮುಂದಕ್ಕೆ ಹೋಯಿತು.

“ಏನ್ ಬತ್ತಾ ಅದೆ, ಯೋಳ್ಲಾ ನಂಜಪ್ಪ” ಎಂದು ಮೆಹಬೂಬ್ ತೋಳು ಜಗ್ಗಿದ.

“ಧಮ್ ಧಮ್ ಕಣೋ. ಇನ್ನೂ ಅದೆ.”

“ನಿನ್ ಪಾಲು ನಿಂಗೆ ಸಿಕ್ತು ಬುಡು” ಎಂದು ಮುಖ ತಿರುಗಿಸಿದ. ಹುಣಸೂರಿನ ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತ. ಈಗ ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು, ಇಬ್ಬರಿಗೂ ನಿಮ್ಮ ಕುರ್ಚಿಗಳ ಮೇಲೆ.

ನೀರಿಗೆ, ಬೆಳೆಯ ಬೆಲೆಗೆ ಧರಣಿ ಕೂತು ಲಾಠಿ ತಿಂದವನು ನಾನು. ಟ್ಯೂನಿಗೂ ಕೂರಬಲ್ಲೆ. ನಿಮ್ಮ ಕಾರ್ಡು ಬೇಡ, ಬೋಂಡಾ ಬೇಡ. ಆ ಸಂಜೆ ಕೊನೆಗೆ ಹಾಕಿದ ಟೇಪನ್ನು ಬರುವ ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಹಾಕಿ, ಪೂರ್ತಿ ಹಾಕಿ. ವಾರ್ತೆ ಎರಡು ನಿಮಿಷ ಕಾಯಲಿ. ಮೆಹಬೂಬನ ಬಲಗಿವಿ ಕಾಯುವುದಿಲ್ಲ. ಅಂದು ನಾನು ಡ್ರಮ್ಮು ಬಿಟ್ಟು ಕ್ಲಾರಿನೆಟ್ ಕೇಳುತ್ತೇನೆ. ಅವನಿಗೆ ತಪ್ಪಿದ್ದನ್ನು ಯಾರಾದರೂ ಹಿಡಿದಿಟ್ಟುಕೊಳ್ಳಬೇಕಲ್ಲ.

ಇಂತಿ,
ನಿಮ್ಮ ಗೋಡೆಯ ಹೊರಮಗ್ಗುಲಿನ ಶ್ರೋತೃ,
ಶಿವನಂಜಪ್ಪ, ದೊಡ್ಡ ಡ್ರಮ್ಮು
ಹನಗೋಡು